ಹದಿನೈದು ಗುರುತು

ಸಾಂತಪ್ಪನ ಅಂಗಾಲಿಗೆ ಮೊಳೆ ಹೊಕ್ಕ ದಿನ ನನ್ನ ಕಟ್ಟೆಯ ಹಲಗೆಯ ಮೇಲೆ ಹತ್ತೊಂಬತ್ತನೇ ಕೇರಿಗೆ ಐದು ಎಂದು ಬರೆದಿತ್ತು. ಅದು ನಿಜವಾದ ಐದು. ಸೇತುವೆ ಬಿದ್ದ ಮೇಲೆ ನಾನು ಆ ಕೇರಿಯ ಮುಂದೆ ಬರೆದ ಅಂಕಿಗಳೆಲ್ಲ ಸುಳ್ಳು. ಸುಳ್ಳು ಬರೆಯುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ ಎಂದರೆ ನೀವು ನಂಬಬಹುದು. ನೀವು ನಂಬಿದ ಮಾತ್ರಕ್ಕೆ ನನಗೇನೂ ಹಗುರಾಗುವುದಿಲ್ಲ.

ನಮ್ಮೂರಿನಲ್ಲಿ ಯಾರೂ ತಮ್ಮ ಕಾಲ ಮೇಲೆ ಪಕ್ಕದ ಕಟ್ಟೆಯನ್ನು ದಾಟಿ ಹೋಗಲಾರರು. ದಾಟಲೆಂದು ಹೆಜ್ಜೆ ಎತ್ತಿದರೆ ಆ ಹೆಜ್ಜೆ ಊರುವುದು ಅವರವರ ಮನೆಯ ಹೊಸ್ತಿಲ ಮೇಲೇ. ಚಿಕ್ಕವಳಿದ್ದಾಗ ನಾನೂ ಹಟಕ್ಕೆ ಬಿದ್ದು ಎಂಟು ಹತ್ತು ಸಲ ಎತ್ತಿ ನೋಡಿದ್ದೇನೆ. ಅವ್ವ ಒಲೆಯ ಮುಂದಿನಿಂದ ತಲೆಯೆತ್ತದೆ, ಬಂದೆಯಲ್ಲ, ಕೈಕಾಲು ತೊಳೆದುಕೋ ಎನ್ನುತ್ತಿದ್ದಳು. ಊರು ಎಷ್ಟು ದೊಡ್ಡದು ಎಂದು ಯಾರಿಗೂ ತಿಳಿಯದು. ಹತ್ತೊಂಬತ್ತನೇ ಕೇರಿಯಲ್ಲಿ ಆಸ್ಪತ್ರೆ ಇದೆ ಎಂದು ನನಗೆ ಗೊತ್ತು, ಅದಕ್ಕೆ ಎಷ್ಟು ಬಾಗಿಲು ಎಂದು ಗೊತ್ತಿಲ್ಲ. ರೋಗಿ, ಮದುಮಗಳು, ಹೆಣ ಈ ಮೂವರು ಮಾತ್ರ ಮುಸುಕು ಹೊದ್ದು ಮಂಚದ ಮೇಲೆ ಮಲಗಿ, ಕಟ್ಟೆಯಿಂದ ಕಟ್ಟೆಗೆ ಹೆಗಲು ಬದಲಾಗುತ್ತ ದೂರ ಹೋಗುತ್ತಾರೆ. ದಾರಿಯಲ್ಲಿ ಮುಸುಕು ತೆಗೆದರೆ, ಒಂದು ಮಾತಾಡಿದರೆ, ಅವರೂ ಮನೆಯ ಹೊಸ್ತಿಲ ಮೇಲೇ ಇರುತ್ತಾರೆ.

ಇಂಥ ಊರಿನಲ್ಲಿ ಕಾಗದ ಹೇಗೆ ಹೋಗಬೇಕೋ ಹಾಗೇ ಹೋಗುತ್ತದೆ. ಪ್ರತಿ ಕೇರಿಗೂ ಒಂದು ಕಾಗದದ ಮನೆ. ನಮ್ಮ ಕೇರಿಯದನ್ನು ದಾದಾಪೀರ ಸಾಹೇಬರು ನೋಡಿಕೊಳ್ಳುತ್ತಾರೆ. ಹೇಳಿದ್ದನ್ನು ಬರೆದುಕೊಂಡು, ಒಂದು ನಕಲು ಇಟ್ಟುಕೊಂಡು, ನಾಲ್ಕು ಬೆರಳು ಅಗಲದ ಚೀಟಿಗಳಾಗಿ ಕತ್ತರಿಸಿ, ಒಂದೊಂದು ಚೀಟಿಯನ್ನೂ ಒಂದೊಂದು ಬಿದಿರ ಕೊಳವೆಗೆ ತುಂಬುತ್ತಾರೆ. ಯಾವ ಕೇರಿ, ಯಾವ ಮನೆ, ಎಷ್ಟು ಚೀಟಿಗಳಲ್ಲಿ ಎಷ್ಟನೆಯದು ಎಂದು ಕೊಳವೆಯ ಮೇಲೆ ಗೆರೆ ಕೊರೆದಿರುತ್ತದೆ. ಒಂದು ಚೀಲ ಹಳ್ಳದ ಪಾಲಾದರೂ ಪೂರ್ತಿ ಕಾಗದ ಹೋಗದಿರಲೆಂದು ಕೊಳವೆಗಳನ್ನು ಬೇರೆ ಬೇರೆ ದಾರಿಗೆ ಹಾಕುತ್ತಾರೆ. ಆ ಕಡೆಯ ಕೇರಿಯ ಕಾಗದದ ಮನೆಯವರು ಎಲ್ಲ ಬರುವ ತನಕ ಕಾದು, ಸಾಲಾಗಿ ಜೋಡಿಸಿ, ಓದಿ ಹೇಳುತ್ತಾರೆ. ಒಂದೊಂದು ಕೊಳವೆ ಮುಟ್ಟಿದ್ದಕ್ಕೂ ಒಂದೊಂದು ಕೆಂಪು ದಾರ ತಿರುಗಿ ಬರುತ್ತದೆ. ದಾರದಲ್ಲಿ ಎಷ್ಟು ಗಂಟು ಇದೆಯೋ ಅಷ್ಟನೆಯ ಚೀಟಿ ಮುಟ್ಟಿತು ಎಂದು ಅರ್ಥ.

ಮಧ್ಯೆ ನಾವು ಕಟ್ಟೆಯವರು. ನನಗೆ ಗೊತ್ತಿರಬೇಕಾದದ್ದು ಇಷ್ಟೇ: ಯಾವ ಕೇರಿಯ ಕೊಳವೆಯನ್ನು ಯಾವ ಪಕ್ಕದ ಕಟ್ಟೆಗೆ ಕೊಡಬೇಕು. ಮುಂದಿನದು ಮುಂದಿನವರಿಗೆ ಬಿಟ್ಟದ್ದು. ಬಂದ ಚೀಲಗಳನ್ನೆಲ್ಲ ಒಂದೇ ಮೊರಕ್ಕೆ ಸುರಿಯುತ್ತೇನೆ, ಕೇರಿ ನೋಡುತ್ತೇನೆ, ನನ್ನ ಗುರುತು ಹಾಕುತ್ತೇನೆ, ಚೀಲಕ್ಕೆ ಹಾಕಿ ಬಾಯಿ ಹೊಲಿಯುತ್ತೇನೆ. ನನ್ನ ಗುರುತು ಚಾಕುವಿನ ಓರೆ ಗೀರು. ಮೂಡಲ ಕಟ್ಟೆಯ ಗುರುಸಿದ್ದಪ್ಪ ಕಾಕಾನದು ಕಾದ ಕಡ್ಡಿಯ ಚುಕ್ಕೆ. ಒಂದು ಕೊಳವೆಯ ಮೇಲೆ ಹದಿನೈದು ಗುರುತು ತುಂಬಿತೆಂದರೆ ಅದು ದಾರಿ ತಪ್ಪಿದ್ದು ಎಂದು ಲೆಕ್ಕ. ಅಂಥವು ಊರು ತುಂಬ ಸುತ್ತುತ್ತ ಇದ್ದರೆ ಹೊರುವವರ ಹೆಗಲು ಉಳಿಯುವುದಿಲ್ಲ. ಆದ್ದರಿಂದ ಹದಿನೈದನೆಯ ಗುರುತು ಹಾಕಿದವರೇ ಅದನ್ನು ಒಲೆಗೆ ಹಾಕಬೇಕು. ಒಳಗೇನಿದೆ ಎಂದು ತೆರೆಯುವ ಹಾಗಿಲ್ಲ. ಬೂದಿ ನಮ್ಮದು. ನಾನು ಅದರಲ್ಲಿ ಪಾತ್ರೆ ಬೆಳಗುತ್ತಿದ್ದೆ.

ಯಾವ ಕೇರಿಗೆ ಎಷ್ಟು ಕಟ್ಟೆ ದೂರ ಎಂದು ನಮಗೆ ತಿಳಿಯುವುದು ಹಲಗೆಯಿಂದ. ಪ್ರತಿ ಕಟ್ಟೆಯ ಮುಂದೂ ಒಂದು ಕರಿ ಹಲಗೆ ಇರುತ್ತದೆ. ಸೋಮವಾರ ಬೆಳಿಗ್ಗೆ ಪಕ್ಕದವರ ಹಲಗೆ ನೋಡಿ, ಅವರ ಅಂಕಿಗೆ ಒಂದು ಸೇರಿಸಿ ನಮ್ಮದರಲ್ಲಿ ಬರೆಯುತ್ತೇವೆ. ಕಾಕಾನ ಹಲಗೆಯಲ್ಲಿ ಹತ್ತೊಂಬತ್ತಕ್ಕೆ ನಾಲ್ಕು ಇತ್ತು, ಅದಕ್ಕೇ ನನ್ನದರಲ್ಲಿ ಐದು. ಪಡುವಲಿಗೆ ಮೇಲ್ದಾರಿಯ ಕಟ್ಟೆಯೂ ಇತ್ತು, ಆ ಕಡೆಯಿಂದ ಹೋದರೆ ಹತ್ತು. ಹಲಗೆಯ ಮೇಲೆ ಬರೆದದ್ದನ್ನು, ಇದು ನಿಮಗೆ ಹೇಗೆ ಗೊತ್ತು ಎಂದು ಕೇಳುವುದು ನಮ್ಮಲ್ಲಿ ಬಾಯಿಗೆ ಬಂದಂತೆ ಬೈದುದಕ್ಕೆ ಸಮ. ನನ್ನ ಮಾವನವರು ಇಪ್ಪತ್ತೆಂಟು ವರ್ಷ ಈ ಕಟ್ಟೆಯಲ್ಲಿ ಕೂತರು, ಒಮ್ಮೆಯೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಸಾಂತಪ್ಪ ನನ್ನ ಕಟ್ಟೆಗೂ ಕಾಕಾನ ಕಟ್ಟೆಗೂ ನಡುವೆ ಚೀಲ ಹೊರುವವನು. ದಿನಕ್ಕೆ ಎರಡು ಸಲ ಹೋಗಿ ಎರಡು ಸಲ ಬರುತ್ತಿದ್ದ. ಕಡ್ಡಿಯಂಥ ಆಳು, ಆದರೆ ಕಾಲು ಮಾತ್ರ ಕಬ್ಬಿಣ. ನಡೆಯುವಾಗ ಏನಾದರೂ ಗುನುಗುತ್ತಿದ್ದ, ಪದ ನೆನಪಿಲ್ಲದಲ್ಲಿ ಹೆಂಡತಿಯ ಹೆಸರು ಸೇರಿಸುತ್ತಿದ್ದ. ನಿಂಬೆವ್ವ ಇದಕ್ಕೆ ಬೈಯುತ್ತಿದ್ದಳು, ಬೈಯುವಾಗ ನಗುತ್ತಿದ್ದಳು. ಮಕ್ಕಳಿರಲಿಲ್ಲ. ಒಂದು ಆಡು ಇತ್ತು, ಅದನ್ನೇ ಮುದ್ದು ಮಾಡಿ ಹಾಳು ಮಾಡಿದ್ದರು. ಮೊಳೆ ಹೊಕ್ಕ ಜಾಗಕ್ಕೆ ಸಾಂತಪ್ಪ ಅರಿಶಿನ ಕಟ್ಟಿಕೊಂಡು ನಾಲ್ಕು ದಿನ ನಡೆದ. ಐದನೆಯ ದಿನ ಮೊಣಕಾಲ ತನಕ ಊದಿ ನೀಲಿಯಾಯಿತು. ಮಂಚದ ಮೇಲೆ ಮಲಗಿಸಿ, ಮಂಚದ ಜೊತೆ ಹೋಗುವ, ಕೇರಿ ಕೊರೆದ ಕಡ್ಡಿಗೆ ನಾನೇ ಓರೆ ಗೀರು ಹಾಕಿ, ಕಾಕಾನ ಕಡೆಗೆ ಕಳಿಸಿದೆ. ಅವನು ಸರಿಯಾಗಿಯೇ ಮುಟ್ಟಿದ. ಅವನು ದಾಟಿದ ಮರುದಿನ ಕಾಕಾನ ಕಟ್ಟೆಯಾಚೆ ಹಳ್ಳದ ಮರದ ಸೇತುವೆ ಕುಸಿದು ಬಿತ್ತು.

ಆ ಸೋಮವಾರ ಕಾಕಾನ ಹಲಗೆ ನೋಡಲು ಹೋದೆ. ಹತ್ತೊಂಬತ್ತರ ಮುಂದೆ ಆರು ಎಂದು ಇತ್ತು. ಸೇತುವೆ ಇಲ್ಲದೆಯೂ ಮುದುಕ ಹೇಗೋ ದಾರಿ ಹುಡುಕಿದ್ದಾನೆ, ಸುತ್ತು ದಾರಿಯಾದ್ದರಿಂದ ಎರಡು ಹೆಚ್ಚಾಗಿದೆ, ಭಲೆ ಎಂದುಕೊಂಡು ಬಂದು ನನ್ನ ಹಲಗೆಯಲ್ಲಿ ಏಳು ಬರೆದೆ. ಹತ್ತಕ್ಕಿಂತ ಏಳು ಕಡಿಮೆ. ಆದ್ದರಿಂದ ಹತ್ತೊಂಬತ್ತರ ಕೊಳವೆಗಳನ್ನು ಮೊದಲಿನ ಹಾಗೆಯೇ ಕಾಕಾನ ಚೀಲಕ್ಕೆ ಹಾಕುತ್ತ ಹೋದೆ.

ಅದೇ ವಾರ ಸಾಂತಪ್ಪನ ಕಾಗದ ಮೇಲ್ದಾರಿಯಿಂದ ಬಂತು. ಐದು ಚೀಟಿ. ದಾದಾಪೀರ ಸಾಹೇಬರು ಜೋಡಿಸಿ ನಿಂಬೆವ್ವನಿಗೆ ಓದಿ ಹೇಳಿದರು, ನಾನೂ ಜೊತೆಗೆ ಹೋಗಿದ್ದೆ. ನಂಜು ಏರುತ್ತಿದೆಯಂತೆ. ಮೊಣಕಾಲ ಕೆಳಗೆ ತೆಗೆದರೆ ಜೀವ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರಂತೆ. "ಕಾಲಿಲ್ಲದಂವ ಚೀಲ ಹೊರಾಕ ಬರೂದಿಲ್ಲ. ಮನ್ಯಾಗ ಕುಂತು ನಿನಗ ಭಾರ ಆಗೂದು ನನಗ ಬ್ಯಾಡ. ನೀ ಹೂಂ ಅಂದ್ರ ಕಾಲು ಕೊಡ್ತೀನಿ. ನೀ ಹೇಳೂ ತನಕ ಮುಟ್ಟಗೊಡೂದಿಲ್ಲ," ಎಂದು ಬರೆಸಿದ್ದ. ನಿಂಬೆವ್ವ ಕೇಳಿ ಮುಗಿಸುವ ಮೊದಲೇ, ಹೂಂ ಅಂತ ಬರೀರಿ, ಮೊದಲ ಅದನ್ನ ಬರೀರಿ ಎಂದಳು.

ಸಾಹೇಬರು ಬರೆದುಕೊಂಡರು. ಬರೆಸುತ್ತ ಬರೆಸುತ್ತ ಅವಳಿಗೆ ಮಾತು ಬೆಳೆಯಿತು. ಚೀಲ ತಾನೇ ಹೊರುತ್ತೇನೆಂದಳು. ಆಡು ಈದ ಸುದ್ದಿಯನ್ನೂ ಸೇರಿಸಿ ಎಂದಳು, ಅವನು ಹೋಗುವಾಗ ಅದು ತುಂಬಿಕೊಂಡಿತ್ತು, ಅವನಿಗೆ ಅದರದೇ ಚಿಂತೆ ಎಂದಳು. ಒಟ್ಟು ಏಳು ಚೀಟಿಯಾಯಿತು. ಮೇಲ್ದಾರಿಯ ಚೀಲ ಆಗಲೇ ತುಂಬುತ್ತ ಬಂದಿತ್ತು, ಆರು ಹಿಡಿಸಿದವು, ಒಂದು ಮಿಕ್ಕಿತು. ಒಂಟಿ ಕೊಳವೆಯನ್ನು ಹತ್ತಿರದ ಕಟ್ಟೆಗೇ ಕೊಡಬೇಕೆಂಬುದು ನಿಯಮ. ಹತ್ತಿರದ ಕಟ್ಟೆ ನನ್ನದು. ನಾಲ್ಕನೆಯ ಚೀಟಿಯನ್ನು ನಾನು ಮಡಿಲಲ್ಲಿ ಇಟ್ಟುಕೊಂಡು ಬಂದು, ಗೀರು ಹಾಕಿ, ಕಾಕಾನ ಚೀಲಕ್ಕೆ ಹಾಕಿದೆ.

ಮರುದಿನದಿಂದ ಚೀಲ ಹೊತ್ತವಳು ನಿಂಬೆವ್ವನೇ. ಬಾಯಿ ಹೊಲಿದ ಚೀಲವನ್ನು ಹೆಗಲಿಗೇರಿಸಿ ಕಾಕಾನ ಕಟ್ಟೆಗೆ ಹೋಗುವಳು, ಅಲ್ಲಿಂದ ಇನ್ನೊಂದು ಹೊತ್ತು ಬರುವಳು. ಮೊದಮೊದಲು ಹೆಗಲು ಕಿತ್ತು ರಕ್ತ ಬಂತು, ಹಳೆಯ ಸೀರೆಯನ್ನು ಮಡಿಸಿ ಇಟ್ಟುಕೊಂಡಳು. ಐದನೆಯ ದಿನಕ್ಕೆ ಆರು ಕೆಂಪು ದಾರ ತಿರುಗಿ ಬಂದವು. ಒಂದು ಗಂಟಿನದು, ಎರಡರದು, ಮೂರರದು, ಐದರದು, ಆರರದು, ಏಳರದು. ಎಲ್ಲವನ್ನೂ ಎಡಗೈ ಮಣಿಕಟ್ಟಿಗೆ ಕಟ್ಟಿಕೊಂಡಳು. ನಾಲ್ಕು ಗಂಟಿನದು ಬರಲಿಲ್ಲ. ನಾಳೆ ಬಂದೀತು ಎಂದೆ. ಅವಳೂ ಹಾಗೇ ಅಂದುಕೊಂಡಳು.

ಒಂದು ಸಂಜೆ ಚೀಲ ಇಳಿಸುತ್ತ, "ಅಕ್ಕಾರ, ಹೋಗೂವಾಗ ಎಷ್ಟು ಭಾರ ಇರ್ತೈತಿ, ಬರೂವಾಗೂ ಅಷ್ಟ ಇರ್ತೈತ್ರಿ. ಅವ್ರು ಹೊರೂವಾಗ ಹಂಗ ಇರ್ಲಿಲ್ಲ. ಬರೂವಾಗ ಹಗೂರ ಇರ್ತೈತಿ ಅಂತಿದ್ರು," ಎಂದಳು. ಹೊಸದಾಗಿ ಹೊರುವವರಿಗೆ ಹೋಗುವುದೂ ಭಾರ, ಬರುವುದೂ ಭಾರ ಎಂದು ನಾನು ನಕ್ಕೆ. ಅವಳು ತನ್ನ ಕೈಯಲ್ಲಿ ಹಿಡಿದು ತಂದ ಸತ್ಯವನ್ನು ನಾನು ನಕ್ಕು ಕಳೆದೆ. ಇದನ್ನು ನೆನೆದಾಗೆಲ್ಲ ಈಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ನಾಲ್ಕು ದಿನ ಕಾದು ದಾರ ಬಾರದಿದ್ದರೆ ಸಾಹೇಬರು ನಕಲಿನಿಂದ ಅದೇ ಚೀಟಿಯನ್ನು ಮತ್ತೆ ಬರೆದು ಕಳಿಸುತ್ತಾರೆ. ಕಳಿಸಿದರು. ಅದೂ ಒಂಟಿ ಕೊಳವೆ, ಅದೂ ನನ್ನ ಕಟ್ಟೆಗೆ. ಮತ್ತೆ ನಾಲ್ಕು ದಿನ. ದಾರ ಇಲ್ಲ. ಮೂರನೆಯದನ್ನು ಕಳಿಸಿದರು. ಅಷ್ಟರಲ್ಲಿ ನನ್ನ ಒಲೆಗೆ ಎಂದಿಗಿಂತ ಹೆಚ್ಚು ಕೊಳವೆಗಳು ಬೀಳುತ್ತಿದ್ದವು. ಮೊದಲು ವಾರಕ್ಕೊಂದು ಸುಡುತ್ತಿದ್ದವಳು ದಿನಕ್ಕೆ ಹತ್ತು ಹನ್ನೆರಡು ಸುಟ್ಟೆ. ಸುಡುವಾಗ ಹದಿನೈದು ತುಂಬಿದೆಯೇ ಎಂದು ಬೆರಳಾಡಿಸಿ ಎಣಿಸುತ್ತಿದ್ದೆ. ಎಣಿಕೆಯಲ್ಲಿ ನಾನು ತಪ್ಪಿದವಳಲ್ಲ. ಸೇತುವೆ ಬಿದ್ದ ಮೇಲೆ ಊರೆಲ್ಲ ದಾರಿ ತಪ್ಪಿದೆ, ಪಾಪ ಎಂದುಕೊಂಡೆ. ಆ ಹದಿನೈದು ದಿನ ನಮ್ಮ ಮನೆಯ ಪಾತ್ರೆಗಳು ಫಳಫಳ ಹೊಳೆದವು.

ಏಳರಲ್ಲಿ ಆರು ಮುಟ್ಟಿವೆ, ಅಷ್ಟನ್ನಾದರೂ ಅಲ್ಲಿಯವರು ಅವನಿಗೆ ಓದಿ ಹೇಳಬಾರದೇ ಎಂದು ನಿಂಬೆವ್ವ ಸಾಹೇಬರನ್ನು ಕೇಳಿದಳು. ಅವರು ತಲೆಯಾಡಿಸಿದರು. ಹಿಂದೆ ಯಾವುದೋ ಕೇರಿಯಲ್ಲಿ ಹೀಗೇ ಒಂದು ಚೀಟಿ ಕಡಿಮೆಯಿದ್ದ ಕಾಗದ ಓದಿ ಒಬ್ಬ ಹೆಣ್ಣುಮಗಳು ಬಾವಿಗೆ ಬಿದ್ದಳಂತೆ. ಆಮೇಲೆ ಬಂದ ಚೀಟಿಯಲ್ಲಿ ಎಲ್ಲ ತಿರುಗುಮುರುಗಾಗುವಂಥ ಮಾತಿತ್ತಂತೆ. ಅಂದಿನಿಂದ ಪೂರ್ತಿ ಬಾರದೆ ಯಾವ ಕೇರಿಯಲ್ಲೂ ಕಾಗದ ಓದುವುದಿಲ್ಲ. ಮೊದಲನೆಯದು ಜೋಡಣೆಯಾಗದೆ ಅದೇ ಮನೆಗೆ ಎರಡನೆಯ ಕಾಗದ ಕತ್ತರಿಸುವಂತೆಯೂ ಇಲ್ಲ, ಎರಡರ ಚೀಟಿಗಳು ಬೆರೆತು ಹೋಗುತ್ತವೆ. ನಿಯಮಗಳೆಲ್ಲ ಒಳ್ಳೆಯದಕ್ಕೇ ಹುಟ್ಟಿದವು. ಒಂದೊಂದನ್ನೇ ಹಿಡಿದು ನೋಡಿದರೆ ಯಾವುದರಲ್ಲೂ ತಪ್ಪಿಲ್ಲ.

ಆಗ ಸಾಂತಪ್ಪನ ಎರಡನೆಯ ಕಾಗದ ಬಂತು. ಎರಡೇ ಚೀಟಿ. "ಯಾಕ ಏನೂ ಅನವಲ್ಲಿ ನಿಂಬೀ? ಬ್ಯಾಡ ಅಂತನ ತಿಳಕೊಳ್ಳಲೇನು?"

ನಿಂಬೆವ್ವ ಅಳಲಿಲ್ಲ. ನೇರ ನನ್ನ ಕಟ್ಟೆಗೆ ಬಂದಳು. ತನ್ನನ್ನು ಮಂಚದ ಮೇಲೆ ಹಾಕಿ ಕಳಿಸು ಎಂದಳು. ರೋಗಿಗಳಿಗೆ ಮಾತ್ರ ಮಂಚ ಎಂದೆ. "ಜ್ವರ ಅಂತ ಬರಕೊಳ್ರಿ ಅಕ್ಕಾರ. ಚೀಟಿ ಮುಟ್ಟದಿದ್ರ ನಾನ ಮುಟ್ಟತೇನಿ. ನನ್ನ ಯಾರೂ ಸುಡೂದಿಲ್ಲಲ್ಲ," ಎಂದಳು. ಜ್ವರ ಎಂದು ಬರೆದೆ. ಇಷ್ಟು ವರ್ಷದಲ್ಲಿ ನಾನು ಮುರಿದ ಮೊದಲ ನಿಯಮ ಅದು. ಮುರಿಯಬೇಕಾಗಿದ್ದ ನಿಯಮ ಬೇರೆಯೇ ಇತ್ತು.

ಬೆಳಿಗ್ಗೆ ಮಂಚ ಬಂತು. ನಿಂಬೆವ್ವ ಮಲಗಿದಳು, ತಾನೇ ಮುಸುಕು ಎಳೆದುಕೊಂಡಳು. ಆಡಿಗೆ ನೀರು ಇಡಲು ನನಗೆ ಹೇಳಿದ್ದೇ ಅವಳ ಕೊನೆಯ ಮಾತು. ಹತ್ತೊಂಬತ್ತು ಎಂದು ಕೊರೆದ ಕಡ್ಡಿಗೆ ಓರೆ ಗೀರು ಹಾಕಿ ಕಾಕಾನ ಕಡೆಗೆ ಕಳಿಸಿದೆ. ಮಧ್ಯಾಹ್ನ ಉಣ್ಣಲು ಕೂತಿದ್ದಾಗ ಯಾರೋ ಕಿಟಕಿಯಿಂದ ಒಂದು ಮಂಚದ ಕಡ್ಡಿ ಚಾಚಿದರು. ಎಂಜಲು ಕೈ ಬಿಟ್ಟು ಎಡಗೈಯಲ್ಲಿ ಹಿಡಿದು ನೋಡಿದೆ. ಹತ್ತೊಂಬತ್ತು. ಗುರುತು ಇನ್ನೂ ಎರಡೇ. ಮೂರನೆಯದು ಹಾಕಿ, ಕಾಕಾನ ಕಡೆಗೆ ಎಂದು ತಿರುಗಿ ಕೊಟ್ಟೆ. ಹೊತ್ತವರು ಏನೂ ಅನ್ನಲಿಲ್ಲ. ದಾರಿ ಕಟ್ಟೆಯವರದು, ಹೆಗಲು ತಮ್ಮದು ಎಂದು ಅವರು ತಿಳಿದಿದ್ದರು.

ಸಂಜೆ ಚೀಲ ಹೊಲಿಯುತ್ತಿದ್ದೆ. ಮೂಡಲಿಂದ ಒಂದು ಮಂಚ ಬಂದು ಬೇವಿನ ಮರದ ಕೆಳಗೆ ಇಳಿಯಿತು. ಕಡ್ಡಿ ಇಸಿದುಕೊಳ್ಳಲು ಹೊರಗೆ ಹೋದೆ. ಮುಸುಕಿನಿಂದ ಒಂದು ಕೈ ಜಾರಿ ಹೊರಗೆ ಬಂದಿತ್ತು. ಮಣಿಕಟ್ಟಿನಲ್ಲಿ ಆರು ಕೆಂಪು ದಾರ.

ನಾನು ಹೊತ್ತವರ ಮುಖ ನೋಡಿದೆ. ಅವರು ನೆಲ ನೋಡಿದರು. ಕಡ್ಡಿ ನೋಡಿದೆ. ಓರೆ ಗೀರು, ಚುಕ್ಕೆ, ಓರೆ ಗೀರು, ಚುಕ್ಕೆ. ಬೇರೆ ಯಾರ ಗುರುತೂ ಇರಲಿಲ್ಲ. ಒಳಗೆ ಓಡಿ ಮೊರದ ಕೊಳವೆಗಳನ್ನು ಕೆದಕಿದೆ. ಹತ್ತೊಂಬತ್ತರವೆಲ್ಲ ಹಾಗೇ. ಗೀರು, ಚುಕ್ಕೆ, ಗೀರು, ಚುಕ್ಕೆ. ಏಳರಲ್ಲಿ ನಾಲ್ಕನೆಯದು ಎಂದು ಕೊರೆದ ನಿಂಬೆವ್ವನ ಕೊಳವೆಯೂ ಅಲ್ಲೇ ಇತ್ತು, ಮೂರನೆಯ ಸಲ ಬರೆದದ್ದು. ಅದರ ಮೇಲೆ ಹನ್ನೆರಡು ಗುರುತು, ಆರು ನನ್ನವು, ಆರು ಕಾಕಾನವು. ನಾನು ಹದಿನೈದು ಎಣಿಸಿದ್ದೆ. ಯಾರ ಹದಿನೈದು ಎಂದು ಒಂದು ದಿನವೂ ನೋಡಿರಲಿಲ್ಲ.

ಆ ಕೊಳವೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಕಾನ ಕಟ್ಟೆಗೆ ಹೇಗೆ ಹೋದೆನೋ ಗೊತ್ತಿಲ್ಲ. ಮುದುಕ ಲಾಂದ್ರದ ಗಾಜು ಒರೆಸುತ್ತ ಕೂತಿದ್ದ. ಹಲಗೆಯ ಮೇಲೆ ಹತ್ತೊಂಬತ್ತರ ಮುಂದೆ ಎಂಟು ಎಂದಿತ್ತು. ಹತ್ತೊಂಬತ್ತಕ್ಕೆ ನೀವು ಯಾವ ಕಡೆಯಿಂದ ಕಳಿಸುತ್ತೀರಿ ಎಂದು ಕೇಳಿದೆ. ಅವನ ಕೈ ನಿಂತಿತು. ಹಾಗೆ ಕೇಳಿದ್ದಕ್ಕೆ ಅವನು ಎದ್ದು ಒಳಗೆ ಹೋಗಬಹುದಿತ್ತು. ನನ್ನ ಮುಖದಲ್ಲಿ ಏನು ಕಂಡನೋ, ಹೋಗಲಿಲ್ಲ.

"ನಿನ್ನ ಕಡಿಂದನ ಕಳಸ್ತೀನವಾ. ಸೇತುವಿ ಬಿದ್ದ ಮ್ಯಾಲೆ ನನಗ ದಾರಿ ಎಲ್ಲೈತಿ? ನಿನ್ನ ಹಲಗಿ ಮ್ಯಾಲೆ ಐದು ಅಂತ ಇತ್ತು. ನಿನಗ ಬ್ಯಾರೆ ದಾರಿ ಐತಿ ಅಂದ್ಕೊಂಡೆ. ಒಂದು ಕೂಡಿಸಿ ಆರು ಬರದೆ."

"ಆ ಐದು ನಿಮ್ಮ ದಾರೀದ ಕಾಕಾ," ಎಂದೆ. "ನಿಮ್ಮ ನಾಕು ನೋಡಿ ಬರದಿದ್ದೆ ನಾನು. ಆಮ್ಯಾಲೆ ನಿಮ್ಮ ಆರು ನೋಡಿ ಏಳು ಬರದೆ."

ಅವನು ಹಲಗೆಯ ಕಡೆಗೆ ತಿರುಗಿದ. ನನ್ನ ಏಳು ನೋಡಿ ಅವನು ಎಂಟು ಬರೆದಿದ್ದ. ಅದನ್ನು ನೋಡಿ ನಾನು ಒಂಬತ್ತು ಬರೆದಿದ್ದೆ. ಇಬ್ಬರ ಬಳಿಯೂ ಇಲ್ಲದ ದಾರಿಯನ್ನು ಇಬ್ಬರೂ ಒಬ್ಬರಿಗೊಬ್ಬರು ಕೊಟ್ಟುಕೊಂಡು, ಸೋಮವಾರಕ್ಕೊಮ್ಮೆ ಉದ್ದ ಮಾಡುತ್ತ ಕೂತಿದ್ದೆವು. ಕಾಕಾ ಲಾಂದ್ರವನ್ನು ಕೆಳಗಿಟ್ಟು, ತನ್ನ ಒಲೆಯಲ್ಲೂ ಬಹಳ ಸುಟ್ಟಿದ್ದೇನೆ ಎಂದ. ಅವನ ಕಡೆಯಿಂದ ಹೊರಟವು ಅವನ ಒಲೆಗೆ, ನನ್ನ ಕಡೆಯಿಂದ ಹೊರಟವು ನನ್ನ ಒಲೆಗೆ ಬಿದ್ದಿದ್ದವು. ನಿಂಬೆವ್ವನ ಎರಡು ಚೀಟಿಗಳನ್ನು ಸುಟ್ಟವಳು ನಾನೇ.

ತಿರುಗಿ ಬಂದಾಗ ಮಂಚ ಬೇವಿನ ಕೆಳಗೇ ಇತ್ತು. ಆ ಕೈ ಹಾಗೇ ಹೊರಗಿತ್ತು. ಒಂದೇ ಬೇವಿನ ವಾಸನೆ, ಕಟ್ಟೆ ಪಕ್ಕದ ಅದೇ ಗಿರಣಿಯ ಸದ್ದು ಅವಳಿಗೆ ಮೂರು ಸಲ ಬಂದಿರಬೇಕು. ತಿಳಿದಿರಬೇಕು. ಮಾತಾಡಿದರೆ ಮನೆಯ ಹೊಸ್ತಿಲು, ಮತ್ತೆ ಮೊದಲಿನಿಂದ ಹೊರಡಬೇಕು ಎಂದು ಹಲ್ಲು ಕಚ್ಚಿ ಮಲಗಿದ್ದಳು. ನಾನು ಮಂಚದ ಪಕ್ಕ ಕೂತು ಆ ಕೈಯನ್ನು ಮುಸುಕಿನೊಳಗೆ ಇಟ್ಟೆ. ತಪ್ಪು ನನ್ನದು ಎನ್ನಬೇಕೆಂದು ಬಾಯಿ ತೆರೆದೆ. "ದಾರಿ ಬದಲ್ ಮಾಡೇನಿ, ಸುಮ್ನ ಮಲಗು," ಎಂದಷ್ಟೇ ಬಂತು. ಹೊಸ ಕಡ್ಡಿ ಕೊರೆದು ಮೇಲ್ದಾರಿಗೆ ಕಳಿಸಿದೆ. ಹತ್ತು ಕಟ್ಟೆ. ಹತ್ತೊಂಬತ್ತರ ಕೊಳವೆಗಳನ್ನೆಲ್ಲ ಬಾಚಿ ಅದೇ ದಾರಿಯ ಚೀಲಕ್ಕೆ ತುಂಬಿ ಹಿಂದೆಯೇ ಕಳಿಸಿದೆ. ನಾಲ್ಕನೆಯ ಚೀಟಿಯ ಕೊಳವೆ ಮಾತ್ರ ನನ್ನ ಸೊಂಟದಲ್ಲೇ ಉಳಿಯಿತು. ಅವಳೇ ಹೋಗುತ್ತಿದ್ದಾಳಲ್ಲ ಎಂಬ ಧೈರ್ಯದಲ್ಲಿ ಮರೆತಿದ್ದೆ.

ಮರುದಿನ ಬೆಳಿಗ್ಗೆ ಹಳ್ಳಕ್ಕೆ ಹೊಸ ಸೇತುವೆ ಕೂತಿತು. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಬಂದ ಮೊದಲ ಮಂಚ ಕಾಕಾನ ಕಟ್ಟೆ ದಾಟಿ ನನ್ನ ಕಟ್ಟೆಗೆ ಬಂತು. ಕಡ್ಡಿಯ ಮೇಲೆ ನಮ್ಮ ಕೇರಿ, ಸಾಂತಪ್ಪನ ಮನೆ. ಮುಸುಕಿನ ಕೆಳಗೆ ಎರಡು ಪಾದಗಳ ಉಬ್ಬು ಕಾಣುತ್ತಿತ್ತು, ಎರಡೂ ಇದ್ದವು. ಹಿಂದಿನ ಸಂಜೆಯೇ ತೀರಿಹೋಗಿದ್ದನಂತೆ. ಅವಳು ಉದ್ದದ ದಾರಿಯಲ್ಲಿ ಆ ಕಡೆಗೆ, ಅವನು ಹತ್ತಿರದ ದಾರಿಯಲ್ಲಿ ಈ ಕಡೆಗೆ.

ಓದಲಾಗದೆ ಉ‌ಳಿದ ಕಾಗದವನ್ನು ಹೆಣದ ಜೊತೆಗೇ ತಿರುಗಿ ಕಳಿಸುವುದು ರೂಢಿ. ಅವನ ಎದೆಯ ಮೇಲೆ ಆರು ಕೊಳವೆಗಳ ಕಟ್ಟು ಇತ್ತು. ನನ್ನ ಸೊಂಟದಲ್ಲಿ ಏಳನೆಯದು. ಕಟ್ಟೆಯವರು ಕೊಳವೆ ತೆರೆಯಬಾರದು. ನಾನು ಮಂಚದ ಪಕ್ಕ ಕೂತು ಏಳನ್ನೂ ತೆರೆದೆ, ಸಾಲಾಗಿ ಜೋಡಿಸಿದೆ, ಕಾಗದದ ಮನೆಯವರ ಹಾಗೆ ಅವನಿಗೆ ಓದಿ ಹೇಳಿದೆ. ಮೊದಲನೆಯ ಚೀಟಿ: "ಹೂಂ. ಕಾಲು ಕೊಡು. ನೀ ಇದ್ರ ಸಾಕು ನನಗ." ಎರಡನೆಯದು, ಮೂರನೆಯದು ಚೀಲವನ್ನು ತಾನು ಹೊರುವ ಮಾತು. ನಾಲ್ಕನೆಯದು: "ಆಡು ಈದೈತಿ. ಎರಡು ಮರಿ. ಒಂದು ಕರೀದು, ಒಂದಕ್ಕ ಹಣೀಮ್ಯಾಲೆ ಬಿಳಿ." ಉಳಿದ ಮೂರೂ ಅವನನ್ನು ಬೈದದ್ದು, ಔಷಧಿ ಬಿಡಬೇಡ ಎಂದದ್ದು, ಬೇಗ ಬಾ ಎಂದದ್ದು. ಹೂಂ ಎಂಬುದು ಹನ್ನೊಂದು ದಿನ ಅವನಿದ್ದ ಕೇರಿಯಲ್ಲೇ ಇತ್ತು, ಆಡಿನ ಮರಿಗಾಗಿ ಕಾಯುತ್ತಿತ್ತು.

ಓದಿ ಮುಗಿದ ಮೇಲೆ ದಾರ ಕಟ್ಟಬೇಕು. ನನ್ನ ಸೆರಗಿನಿಂದ ಒಂದು ಕೆಂಪು ಎಳೆ ಕಿತ್ತು, ನಾಲ್ಕು ಗಂಟು ಹಾಕಿ, ಅವನ ಮಣಿಕಟ್ಟಿಗೆ ಕಟ್ಟಿ ಮನೆಗೆ ಕಳಿಸಿದೆ. ಯಾಕೆ ಹಾಗೆ ಮಾಡಿದೆ ಎಂದರೆ, ಏನಾದರೂ ಒಂದು ಮುಟ್ಟಿತು ಎಂದು ಆಗಬೇಕಿತ್ತು ನನಗೆ. ಬೇರೆ ಕಾರಣವಿಲ್ಲ.

ನಿಂಬೆವ್ವ ಹತ್ತೊಂಬತ್ತನ್ನು ಮುಟ್ಟಿದಾಗ, ಅವನನ್ನು ಆಗಲೇ ಮನೆಗೆ ಕಳಿಸಿದ್ದೇವೆ ಎಂದರಂತೆ ಆಸ್ಪತ್ರೆಯವರು. ಮುಸುಕು ಕಿತ್ತೆಸೆದಳು. ಬರುವುದಕ್ಕೆ ನಮ್ಮೂರಿನಲ್ಲಿ ಹೊತ್ತೇ ಹಿಡಿಯುವುದಿಲ್ಲ. ತನ್ನ ಹೊಸ್ತಿಲ ಮೇಲೆ ನಿಂತಿದ್ದಳು, ಮುಂದೆ ಅವನ ಮಂಚವಿತ್ತು. ಮಣ್ಣು ಮಾಡುವಾಗ ನಾನು ಹಿಂದೆ ನಿಂತಿದ್ದೆ, ಹತ್ತಿರ ಹೋಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವಳೇ ಕಟ್ಟೆಗೆ ಬಂದಳು. ಅವನ ಮಣಿಕಟ್ಟಿನಿಂದ ಬಿಚ್ಚಿಕೊಂಡದ್ದೂ ಸೇರಿ ಕೈಯಲ್ಲಿ ಏಳು ದಾರ ಇದ್ದವು. ಹೊಲಿದ ಚೀಲ ಬಾಗಿಲಲ್ಲಿ ಕಾಯುತ್ತಿತ್ತು. ಅವಳು ಅದನ್ನು ಎತ್ತಲಿಲ್ಲ, ಕಟ್ಟೆಯ ಅಂಚಿಗೆ ಕೂತಳು.

"ಏಳೂ ಮುಟ್ಟ್ಯಾವ್ರಿ ಅಕ್ಕಾರ. ಓದಿ ಹೇಳ್ಯಾರ ಅವ್ರಿಗೆ. ನಾ ಹೂಂ ಅಂದದ್ದು ಕೇಳಿದ ಮ್ಯಾಲೂ ಕಾಲು ಕೊಡಲಿಲ್ಲ. ನನ್ನ ಮಾತು ಅಷ್ಟೂ ಬ್ಯಾಡಾಗಿತ್ತೇನ್ರಿ ಅವ್ರಿಗೆ?"

ಕರುಣೆಯಿಂದ ಕಟ್ಟಿದ ದಾರ ಹೀಗೆ ಉರುಳಾಗುತ್ತದೆಂದು ನಾನು ಎಣಿಸಿರಲಿಲ್ಲ. ಸುಮ್ಮನಿದ್ದರೆ ನಾನು ಉಳಿಯುತ್ತಿದ್ದೆ. ಗಂಡ ತನ್ನ ಮಾತು ಕೇಳಿಯೂ ಸತ್ತ ಎಂದುಕೊಂಡು ಅವಳು ಉಳಿದ ಬದುಕು ಕಳೆಯುತ್ತಿದ್ದಳು. ಒಳಗೆ ಹೋಗಿ ಆ ನಾಲ್ಕನೆಯ ಚೀಟಿಯ ಕೊಳವೆ ತಂದು ಅವಳ ಕೈಗೆ ಕೊಟ್ಟೆ. ದಾರ ಕಟ್ಟಿದವಳು ನಾನು, ಓದಿದವಳು ನಾನು, ಅವನಿಗೆ ಏನೂ ಮುಟ್ಟಲಿಲ್ಲ ಎಂದೆ.

ಅವಳಿಗೆ ಅಕ್ಷರ ಬಾರದು, ಗುರುತು ಬರುತ್ತದೆ. ಬಾಯಿಯ ಬಳಿ ಕೊರೆದ ನಾಲ್ಕು ಗೆರೆಗಳನ್ನು ಮುಟ್ಟಿದಳು. ಆಮೇಲೆ ಹೆಬ್ಬೆರಳನ್ನು ಮೆಲ್ಲಗೆ ಕೆಳಗೆ ಸರಿಸುತ್ತ ಹೋದಳು. ಎಣಿಸಲಿಲ್ಲ. ಇದು ನಿಮ್ಮದು, ಇದು ಕಾಕಾರದು, ಇದು ನಿಮ್ಮದು, ಇದು ಕಾಕಾರದು ಎಂದು ಹನ್ನೆರಡನ್ನೂ ಮುಟ್ಟಿ ಹೇಳಿದಳು. ಕೊನೆಯದರ ಮೇಲೆ ಬೆರಳು ನಿಂತಿತು. ಅವಳು ನನ್ನನ್ನು ಬೈಯುತ್ತಾಳೆಂದು ಕಾದೆ, ಬೈಯಲಿ ಎಂದು ಬೇಡಿಕೊಂಡೆ.

"ಹಂಗಾದ್ರ ಇದನ್ನ ಹೊತ್ತಾಕಿ ನಾನ ಅಲ್ಲೇನ್ರಿ ಅಕ್ಕಾರ?" ಎಂದಳು.

ಅವಳು ಕೊಳವೆಯನ್ನು ಕಟ್ಟೆಯ ಮೇಲೆ ಇಟ್ಟು ಎದ್ದಳು. ಸೀರೆಯ ಮಡಿಕೆಯನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಚೀಲ ಏರಿಸಿ, ಕಾಕಾನ ಕಟ್ಟೆಯ ಕಡೆಗೆ ನಡೆದಳು. ಮಧ್ಯಾಹ್ನ ತಿರುಗಿ ಬಂದಾಗ ನಾನು ಚೀಲ ಇಳಿಸಿಕೊಂಡೆ. ಅದು ಹಗುರವಾಗಿತ್ತು. ಅವಳಿಗೂ ತಿಳಿದಿತ್ತು, ಹೇಳಲಿಲ್ಲ.